ಕತ್ತು ಸಂರಕ್ಷಣಾ ಗುಂಡಿ

ನಗುಮುಖ ದಂತಸೇವಾ ಸಂಘದ ಕಲ್ಯಾಣದುರ್ಗ ಶಾಖೆಯಲ್ಲಿ ರೋಗಿಯ ಕುರ್ಚಿ ಮೇಲೇಳುವುದಿಲ್ಲ. ಆದ್ದರಿಂದ ದಂತವೈದ್ಯರು ಬಾಗತಕ್ಕದ್ದು. 2004ರ ಸುಮಾರಿಗೆ ಇದೇ ಅಲ್ಲಿನ ಪದ್ಧತಿಯಾಗಿತ್ತು.

ಡಾಕ್ಟರ್ ತಿರುಮಲೇಶ್ ಬಾಗಿ ಬಾಗಿ, ಅವರ ಕತ್ತು ಹಾಗೆಯೇ ನಿಂತುಹೋಯಿತು. ಊರಿನವರು ಅದನ್ನು ವಿನಯವೆಂದು ತಿಳಿದು ಬೀದಿಯಲ್ಲಿ ಕೈ ಮುಗಿಯುತ್ತಿದ್ದರು. ನೋವು ಈಗ ಕತ್ತಿನಿಂದ ಹೆಬ್ಬೆರಳಿಗೆ ಇಳಿದು, ಇಕ್ಕಳ ಜಾರತೊಡಗಿತ್ತು. ಕೈ ಹೋದರೆ ಕಸುಬೂ ಹೋದಂತೆ. ಕುರ್ಚಿಯ ಪೆಡಲ್ ರಿಪೇರಿ ಮಾಡಿಸಿ, ಇಲ್ಲವೇ ಕೂರಲು ಒಂದು ಸ್ಟೂಲ್ ಕೊಡಿ ಎಂದು ಅವರು ಹಿಂದೂಪುರದ ಮುಖ್ಯ ಕಚೇರಿಗೆ ಬರೆದರು.

ಕೂರಲು ಬರುವ ಕುರ್ಚಿ ಕೆಟ್ಟಿದೆ ಎನ್ನಲಾಗದು, ಇರುವ ಒಂದೇ ಸ್ಟೂಲ್ ಸಂಘದ ಕಣ್ಣಿನ ಶಿಬಿರದ್ದಾದ್ದರಿಂದ ಹಲ್ಲಿನವರು ಅದರ ಮೇಲೆ ಕೂರುವಂತಿಲ್ಲ ಎಂದು ಉತ್ತರ ಬಂತು. ಆದರೂ ವೈದ್ಯರ ಕತ್ತಿನ ಬಗ್ಗೆ ಸಂಘಕ್ಕೆ ಕಾಳಜಿಯಿತ್ತು. ಹಿಂದೂಪುರದಲ್ಲಿ ಕತ್ತು ಸಂರಕ್ಷಣಾ ಸಪ್ತಾಹ ಏರ್ಪಾಡಾಯಿತು. ವೇದಿಕೆ ಬಹಳ ಎತ್ತರವಿದ್ದುದರಿಂದ ತಿರುಮಲೇಶ್ ವಾರವಿಡೀ ಭಾಷಣಕಾರರ ಚಪ್ಪಲಿಗಳನ್ನಷ್ಟೇ ನೋಡಿದರು.

ಕೊನೆಯ ದಿನ ಅಧ್ಯಕ್ಷ ಆದಿನಾರಾಯಣ ಎದ್ದರು. ಅವರದು ನೇಕಾರರ ಮನೆತನ. "ನಮ್ಮಪ್ಪ ಜೀವಮಾನವೆಲ್ಲ ನೆಲದ ಗುಂಡೀಲಿ ಕಾಲು ಇಳಿಬಿಟ್ಕೊಂಡು ಮಗ್ಗ ನೇಯ್ದ ಕಣ್ರಪ್ಪ. ಒಂದಿನಾನೂ ಕತ್ತು ನೋವು ಅಂದೋನಲ್ಲ."

ಆತ ಯಾವ ನೋವನ್ನೂ ಯಾರಿಗೂ ಹೇಳಿದವನಲ್ಲ ಎಂಬುದು ನಡಾವಳಿಯಲ್ಲಿ ಸೇರಲಿಲ್ಲ. ಕುರ್ಚಿ ಏಳದಿದ್ದಲ್ಲಿ ವೈದ್ಯರು ಇಳಿಯತಕ್ಕದ್ದು ಎಂದು ಠರಾವಾಯಿತು. ರಿಪೇರಿಗೆ ಅನುದಾನವಿರಲಿಲ್ಲ; ಅಗೆಯುವುದಕ್ಕೆ ಇತ್ತು.

ಕುರ್ಚಿಯ ಪಕ್ಕ ಗುಂಡಿ ತೋಡಿದರು. ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಾಗ ತಿರುಮಲೇಶರ ಕತ್ತು ಬಾಗಬೇಕಾಗಲಿಲ್ಲ, ನಿಜ. ರೋಗಿಯ ಬಾಯಿ ಮಾತ್ರ ಅವರ ತಲೆಗಿಂತ ಮೇಲೆ ಹೋಯಿತು. ದವಡೆ ಹಲ್ಲು ಕೀಳಿಸಲು ಸೆಟ್ಟೂರಿನಿಂದ ಬಂದ ಬೀರಕ್ಕ ಕುರ್ಚಿಯಲ್ಲಿ ಕೂತು, ತನ್ನ ಮೊಣಕೈ ಹತ್ತಿರವಿದ್ದ ಡಾಕ್ಟರನ್ನು ನೋಡಿದಳು.

"ಏನ್ ಡಾಕ್ಟ್ರಪ್ಪ, ಹಲ್ಲು ಕೀಳ್ತೀಯೋ, ಸೀರೆ ನೇಯ್ತೀಯೋ?"

"ಬಾಯಿ ಒಂದೀಟು ಕೆಳಕ್ಕೆ ತನ್ನಿ, ಅಮ್ಮಾ."

"ಬಾಯಿ ಒಂದನ್ನೇ ಹೆಂಗಪ್ಪ ಕಳಿಸ್ಲಿ?"

ಮೇಲಕ್ಕೆತ್ತಿದ ಡಾಕ್ಟರ ತೋಳುಗಳು ಹಿಡಿದುಕೊಂಡವು. ಇಕ್ಕಳ ಗುಂಡಿಗೆ ಬಿತ್ತು. ಮುದ್ದೆ ನುಂಗಕ್ಕೆ ಹಲ್ಯಾಕೆ, ಇನ್ನೊಂದಿನ ಬತ್ತೀನಿ ಎಂದು ಬೀರಕ್ಕ ದವಡೆ ಹಿಡಿದುಕೊಂಡೇ ಎದ್ದುಹೋದಳು.

ಭುಜ ನೋಯುತ್ತಿದೆ ಎಂದು ತಿರುಮಲೇಶ್ ಬರೆದಾಗ ಹಿಂದೂಪುರದಲ್ಲಿ ಸಂತೋಷಪಟ್ಟರು. ಪತ್ರದಲ್ಲಿ ಕತ್ತಿನ ಮಾತೇ ಇಲ್ಲದ್ದರಿಂದ ಸಪ್ತಾಹ ಫಲ ಕೊಟ್ಟಿತ್ತು. ಕೂಡಲೇ ಭುಜ ಸಂರಕ್ಷಣಾ ಸಪ್ತಾಹ ನಡೆದು, ರೋಗಿಯ ಬಾಯಿಯನ್ನು ತಗ್ಗಿಸತಕ್ಕದ್ದು ಎಂದು ಆದೇಶವಾಯಿತು. ಗುಂಡಿಯನ್ನು ಅಗಲ ಮಾಡಿ ಕುರ್ಚಿಯನ್ನೂ ಅದರೊಳಕ್ಕೆ ಇಳಿಸಿದರು.

ಉದ್ಘಾಟನೆಯ ದಿನ ಬೀರಕ್ಕ ಗುಂಡಿಯೊಳಗಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು. ಅಂಚಿನಲ್ಲಿ ಕೂತ ತಿರುಮಲೇಶ್ ಹಿಂದೆಂದಿಗಿಂತ ಆಳಕ್ಕೆ ಬಾಗಿದ್ದರು. ಈಗ ಕತ್ತು ಹೆಂಗೈತಪ್ಪ ಎಂದು ಆದಿನಾರಾಯಣ ವಿಚಾರಿಸಿದರು. ಇದ್ದದ್ದನ್ನು ಇದ್ದಹಾಗೆ ಹೇಳೋಣವೆಂದು ತಿರುಮಲೇಶ್ ತಲೆ ಎತ್ತಲು ನೋಡಿದರು. ಏಳಲಿಲ್ಲ. ಅಧ್ಯಕ್ಷರ ಚಪ್ಪಲಿ ಕಂಡಿತು.

"ಚಾಲಾ, ಭಾಳ ವಿನಯ ಕಣಪ್ಪ ಇವ್ರಿಗೆ," ಎಂದು ಆದಿನಾರಾಯಣ ಕೈ ಮುಗಿದರು. ನೆರೆದವರೆಲ್ಲ ಮುಗಿದರು. ಗುಂಡಿಯೊಳಗಿಂದ ಬೀರಕ್ಕನೂ, ತೆರೆದ ಬಾಯಿ ಮುಚ್ಚದೆ, ಮುಗಿದಳು.