ಕೂಗಿದ್ದು ನಾನು, ಹೆಸರು ಮಗನದು

ನನ್ನ ಯಜಮಾನರು ಒಂದು ನಿಂಬೆಹಣ್ಣಿಗೆ ಹನ್ನೊಂದು ಸಾವಿರದ ಒಂದು ರೂಪಾಯಿ ಕೂಗಿದವರು. ಚಿನ್ನದ ನಿಂಬೆಹಣ್ಣಲ್ಲ, ಉಪ್ಪಿನಕಾಯಿಗೆ ಹಾಕುತ್ತೇವಲ್ಲ, ಅದೇ. ಅದೂ ಗುಡಿಯ ಅಮ್ಮನ ಶೂಲಕ್ಕೆ ಮೂರು ದಿನ ಚುಚ್ಚಿಟ್ಟು ಬಾಡಿ ಹೋಗಿದ್ದದ್ದು! ತಮಿಳು ಸೀಮೆಯ ನಮ್ಮ ಗೂಡಲೂರಿನಲ್ಲಿ ವರ್ಷದ ಪೂಜೆ ಮುಗಿದ ಮರುದಿನ ಗುಡಿಯ ಮುಂದೆ ಏಲಂ ನಡೆಯುತ್ತದೆ. ಅಮ್ಮನಿಗೆ ಒಪ್ಪಿಸಿದ ಹಣ್ಣು, ಕಾಯಿ, ಸೀರೆ ಎಲ್ಲವನ್ನೂ ಹರಾಜಿಗಿಡುತ್ತಾರೆ. ಗಂಡಸರು ಮೀಸೆ ತಿರುವಿ ಬೆಲೆ ಏರಿಸುತ್ತಾರೆ, ಹೆಂಗಸರು ದೂರ ನಿಂತು ಎದೆ ಹಿಡಿದುಕೊಳ್ಳುತ್ತಾರೆ. (ಹೆಂಗಸರು ಏಲಂ ಕೂಗುವ ಪದ್ಧತಿ ನಮ್ಮಲ್ಲಿಲ್ಲ. ಮನೆಯೊಳಗೆ ಕೂಗಿದ್ದು ಲೆಕ್ಕಕ್ಕೆ ಬರುವುದಿಲ್ಲ.)

ಈ ಏಲಂನ ದೊಡ್ಡ ಅನುಕೂಲವೆಂದರೆ ದುಡ್ಡನ್ನು ಕೂಡಲೇ ಕೊಡಬೇಕಾಗಿಲ್ಲ. ಮುಂದಿನ ವರ್ಷದ ಪೂಜೆಯೊಳಗೆ ಕಟ್ಟಿದರಾಯಿತು. “ಏಲದಾಗೆ ಬಾಯಿ ಮುಂದೆ, ಕೈ ಹಿಂದೆ ತಂಗಮ್ಮಾ” ಎನ್ನುತ್ತಾರೆ ನಮ್ಮ ಯಜಮಾನರಾದ ಪಾಂಡಿಯರಾಜನ್, ನಾಲ್ಕು ಎಕರೆ ದ್ರಾಕ್ಷಿ ತೋಟದ ಒಡೆಯರು, ಗೂಡಲೂರಿನ ನಿಂಬೆಹಣ್ಣು ಚಕ್ರವರ್ತಿಗಳು. ಮೂವತ್ತು ವರ್ಷ ದೂರದಲ್ಲಿ ನಿಂತು ನಾನು ಕಲಿತ ಏಲಶಾಸ್ತ್ರ ಇಷ್ಟೇ. ಅರ್ಧ ವಿದ್ಯೆ ಆಪತ್ತಿಗೆ ಮೂಲ ಎಂದು ಯಾರಾದರೂ ಆಗಲೇ ಹೇಳಬೇಕಿತ್ತು.

ನಮ್ಮ ಮಗ ಸುಂದರ್ ಕಂಬಂನಲ್ಲಿ ಹನಿ ನೀರಾವರಿ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಹೋದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಅವನು ಹೊಸ ಫೋನ್ ಕೊಂಡ. ಹಳೆಯದು, ನಮ್ಮ ಮನೆಯ ಹಳೆಯದೆಲ್ಲ ಬರುವ ಹಾಗೆ, ನನ್ನ ಪಾಲಿಗೆ ಬಂತು. ಅದರೊಳಗೆ ಹಳೆಯ ಸಾಮಾನು ಏಲಂ ಹಾಕುವ ‘ಮೂಣುತರಂ’ ಎಂಬ ಆಪ್ ಇತ್ತು. ಗುಡಿಯ ಏಲದಲ್ಲಿ ‘ಒರು ತರಂ, ರೆಂಡು ತರಂ, ಮೂಣು ತರಂ’ ಎಂದು ಮೂರು ಸಲ ಕೂಗಿ ಮುಗಿಸುತ್ತಾರಲ್ಲ, ಅದೇ ಹೆಸರು. ಒಲೆಯ ಮೇಲೆ ಹಾಲಿಟ್ಟು ಸುಮ್ಮನೆ ಒತ್ತಿದೆ. ಅಬ್ಬಾ! ಯಾರ್ಯಾರದೋ ಅಟ್ಟ ಇಳಿದು ನನ್ನ ಅಂಗೈಗೆ ಬಂದ ಹಾಗಾಯಿತು. ಗ್ರಾಮಫೋನು, ತೊಟ್ಟಿಲು, ಮರದ ಕುದುರೆ, ಯಾರದೋ ಅಜ್ಜಿಯ ಮೂಗುಬೊಟ್ಟು, ಒಂದೊಂದರ ಕೆಳಗೂ ಓಡುವ ಗಡಿಯಾರ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತೆ, ಹಾಲು ತನ್ನ ಪಾಡಿಗೆ ತಾನು ಉಕ್ಕಿತು.

ಮೊದಲು ಕಣ್ಣಿಗೆ ಬಿದ್ದದ್ದು ಬತ್ತಲಗುಂಡು ಎಂಬ ಊರಿನವರು ಮಾರಲು ಇಟ್ಟಿದ್ದ ಹಿತ್ತಾಳೆಯ ಚಕ್ಕುಲಿ ಒರಳು. ಎರಡು ಹಿಡಿಗಳಲ್ಲಿ ಎರಡು ಗಿಳಿಗಳು. ತೇವಾರಂ ಊರಿನ ಯಾರೋ ಒಬ್ಬ ನಾನೂರೈವತ್ತು ಎಂದಿದ್ದ. ನಾನು ಐನೂರು ಒತ್ತಿದೆ. ಅವನು ಆರುನೂರು ಎಂದ. ನಾನು ಏಳುನೂರು. ‘ಎಲ್ಲರಿಗಿಂತ ಮುಂದೆ ನೀವಿದ್ದೀರಿ’ ಎಂದು ಹಸಿರು ಅಕ್ಷರ ಮೂಡಿತು. ಯಾರ ಹೆಂಡತಿ, ಯಾರ ಸೊಸೆ, ಇಲ್ಲೇಕೆ ನಿಂತೆ ಎಂದು ಒಬ್ಬರೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಐವತ್ತನೆಯ ವಯಸ್ಸಿಗೆ ಮೊದಲ ಸಲ ನನ್ನ ಮಾತಿಗೂ ಒಂದು ಬೆಲೆ ಬಂತಲ್ಲ ಎಂದು ಕಣ್ಣು ತುಂಬಿತು. ಸಾವಿರದ ಎಂಟುನೂರ ಐವತ್ತಕ್ಕೆ ತೇವಾರಂ ಶರಣಾಯಿತು.

ಗೆಲುವಿನ ರುಚಿ ಹತ್ತಿದರೆ ಬಿಡುತ್ತದೆಯೇ? ಮರುದಿನ ನಾಲ್ಕು ಕಿಲೋ ತೂಗುವ ದಿಂಡುಗಲ್ ಬೀಗವನ್ನು ಗೆದ್ದೆ. (ಅದನ್ನು ಹಾಕಿದರೆ ನಮ್ಮ ಬಾಗಿಲೇ ಕಳಚಿ ಬೀಳುತ್ತದೆ.) ಅದರ ಮರುದಿನ ಒಂದು ಕ್ಷೌರದಂಗಡಿಯ ತಿರುಗುವ ಕುರ್ಚಿ. ಅದನ್ನು ಯಾರೂ ಕೇಳುತ್ತಿರಲಿಲ್ಲ, ಪಾಪ ಅನ್ನಿಸಿತು.

‘ನಾಲ್ಕು ದಿನದೊಳಗೆ ಹಣ ಪಾವತಿಸಿ’ ಎಂದು ಸಂದೇಶ ಬಂತು. ನನಗೆ ನಗು ಬಂತು. ಹೊಸಬರು, ಪದ್ಧತಿ ತಿಳಿಯದು, ಮುಂದಿನ ವರ್ಷ ಕೊಟ್ಟರಾಯಿತು ಎಂದುಕೊಂಡೆ. ಐದನೆಯ ದಿನ ಒರಳು ಕೈಬಿಟ್ಟು ಒಂದು ಕೆಂಪು ಗುರುತು ಬಿತ್ತು. ಆರನೆಯ ದಿನ ಬೀಗಕ್ಕೊಂದು, ಏಳನೆಯ ದಿನ ಕುರ್ಚಿಗೊಂದು. ಮೂರಾದ ಕೂಡಲೇ ಖಾತೆಗೇ ಬಾಗಿಲು ಹಾಕಿದರು. ತೆರೆದು ನೋಡಿದರೆ ಕೂಲಿಂಗ್ ಗ್ಲಾಸ್ ಹಾಕಿದ ನನ್ನ ಮಗನ ಫೋಟೋ! ಫೋನ್ ನನಗೆ ಬಂದಿತ್ತೇ ಹೊರತು ಖಾತೆ ಅವನ ಹೆಸರಿನಲ್ಲೇ ಇತ್ತು. ಅದರ ಕೆಳಗೆ, ಲೋಕವೆಲ್ಲ ನೋಡುವ ಹಾಗೆ, ನಮ್ಮ ಬೀದಿಯ ಹೆಸರೂ ಸೇರಿ, ‘ಸುಂದರ್ ಪಾಂಡಿಯರಾಜನ್, ಮೇಲ್ ತೆರು, ಗೂಡಲೂರು. ಕೂಗಿ ಹಣ ಕೊಡದೆ ಹೋದವರು. ಮೂರು ಬಾರಿ.’

ಸಹಾಯವಾಣಿಗೆ ಫೋನ್ ಮಾಡಿದೆ. “ನಾ ಗೂಡಲೂರು ಪಾಂಡಿಯರಾಜನ್ ಹೆಂಡ್ರು ಮಾತಾಡಾದು...” ಎಂದೆ. ಅತ್ತಲಿನ ಹೆಣ್ಣು ದನಿ ಒಂದನ್ನು ಒತ್ತಿ ಎಂದಿತು. ಒತ್ತಿದೆ. ಎರಡನ್ನು ಒತ್ತಿ ಎಂದಿತು. ಗೋಳೋ ಎಂದು ಅತ್ತೆ. ಮೂರನ್ನು ಒತ್ತಿ ಎಂದಿತು. ಕೊನೆಗೆ ನನ್ನ ಮೂವತ್ತು ವರ್ಷದ ಸಂಸಾರದ ಕಷ್ಟವನ್ನೆಲ್ಲ ತೋಡಿಕೊಂಡು ಒಂದು ಮೇಲ್ಮನವಿ ಬರೆದೆ. ಒಂದೇ ಸೆಕೆಂಡಿನಲ್ಲಿ ‘ಪರಿಶೀಲಿಸಲಾಗಿದೆ, ಒಪ್ಪಲಾಗದು’ ಎಂದು ಉತ್ತರ! ನಾನು ದಂಗಾದೆ. ನಮ್ಮ ಗುಡಿಯ ಅಮ್ಮ ಒಂದು ಕೊಡ ಅಂಬಲಿಗೆ ಶಾಂತಳಾಗುತ್ತಾಳೆ. ತಾಲೂಕು ಆಫೀಸಿನವರೂ ಎರಡು ಹನಿ ಕಣ್ಣೀರಿಗೆ ಕರಗಿದ್ದುಂಟು. ಇದು ಯಾವುದಕ್ಕೂ ಮಣಿಯಲಿಲ್ಲ. ಇಂಥ ನ್ಯಾಯದೇವತೆ ನನ್ನ ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಇಷ್ಟು ದಿನ ಕೂತಿತ್ತೇ ಎಂದು ಫೋನಿಗೆ ಕೈಮುಗಿದೆ.

ಅಲ್ಲಿ ಮಾರುವವರು ಬರೆದಿದ್ದ ದೂರುಗಳಲ್ಲಿ ಒಂದು ಮಾತು ಮಾತ್ರ ಮುಳ್ಳಿನ ಹಾಗೆ ಚುಚ್ಚಿತು. ಬತ್ತಲಗುಂಡಿನವರು ಬರೆದಿದ್ದರು: ‘ಬೇರೆಯವರು ಕೇಳಿದರೂ ಇವರಿಗೆಂದು ಎತ್ತಿಟ್ಟೆವು. ಅಜ್ಜಿ ಹುಣಿಸೆಹಣ್ಣು ಹಾಕಿ ಉಜ್ಜಿ, ಹೊಳೆಯಿಸಿ, ಬಟ್ಟೆಯಲ್ಲಿ ಸುತ್ತಿ ನಾಲ್ಕು ದಿನ ಕಾದರು.’ ಓದಿ ನಾಚಿಕೆಯಾಯಿತು. ಆಪ್ ಅಳಿಸಿ ಹಾಕಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಇತ್ತ ಸುಂದರ್‌ಗೆ ಇಪ್ಪತ್ತೆಂಟು ದಾಟಿತ್ತು. ಹನ್ನೊಂದು ಕಡೆ ಹೆಣ್ಣು ನೋಡಿ ಬಂದಿದ್ದೆವು. ಒಂದು ಕಡೆ ಜಾತಕ ಕೂಡಲಿಲ್ಲ, ಒಂದು ಕಡೆ ಹುಡುಗಿಗೆ ಹಳ್ಳಿ ಬೇಡ, ಒಂದು ಕಡೆ ನನ್ನ ಬಾಯಿ ಜೋರು ಅಂದರಂತೆ. ಕೂಸು ಹೊರಗೆ ನಗುತ್ತಿದ್ದರೂ ಒಳಗೆ ಬಾಡಿದ್ದ. ಹನ್ನೆರಡನೆಯದಾಗಿ ನಮ್ಮ ಜನದವರದೇ ಒಂದು ಸಂಬಂಧ ಬಂತು. ಹುಡುಗಿ ಜನನಿ, ತಂದೆ ಶಿವಬಾಲನ್, ಸಿಮೆಂಟ್ ವ್ಯಾಪಾರ. ಜಾತಕ ಹತ್ತಕ್ಕೆ ಒಂಬತ್ತು ಕೂಡಿತು. ಫೋಟೋ ನೋಡಿದ ಮಗ ಆ ದಿನ ಎರಡು ಸಲ ಶೇವ್ ಮಾಡಿಕೊಂಡ. ಇದೊಂದು ತಪ್ಪಿದರೆ ಇನ್ನು ಹೆಣ್ಣು ನೋಡಲು ಬರುವುದಿಲ್ಲ ಎಂದೂ ಹೇಳಿಬಿಟ್ಟ. ಊರು ಯಾವುದೆಂದು ಕೇಳಿದೆ. ಬತ್ತಲಗುಂಡು ಅಂದರು. ಆ ಗಿಳಿಗಳ ಒರಳು ನೆನಪಾದರೂ, ಅಷ್ಟು ದೊಡ್ಡ ಊರಿನಲ್ಲಿ ಹಿತ್ತಾಳೆ ಒರಳು ಒಂದೇ ಮನೆಯಲ್ಲಿ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ.

ಒಂದೇ ಮನೆಯಲ್ಲಿತ್ತು.

ಹೆಣ್ಣು ನೋಡಲು ಅವರ ಮನೆಗೆ ಹೋದ ದಿನ ಕೇಸರಿಬಾತು, ಬಜ್ಜಿ ಆಯಿತು. ಜನನಿ ಕಾಫಿ ತಂದಳು. ಇಂದಿನ ಮಕ್ಕಳ ಹಾಗೆ ಬರೀ ತಮಿಳಿನಲ್ಲಿ ಮಾತಾಡದೆ ಅಚ್ಚುಕಟ್ಟಾಗಿ ನಮ್ಮ ಮನೆಮಾತಾದ ಕನ್ನಡದಲ್ಲೇ “ಬನ್ನಿ ಅತ್ತೆ, ಬನ್ನಿ ಮಾವ” ಎಂದದ್ದಕ್ಕೆ ನಾನು ಅರ್ಧ ಸೋತಿದ್ದೆ. ಆಮೇಲೆ ಅವಳು ಸುಂದರ್ ಮುಖವನ್ನೇ ನೋಡಿದಳು. ಮತ್ತೆ ನೋಡಿದಳು. ಹುಡುಗಿಗೆ ಒಪ್ಪಿಗೆಯಾಯಿತೆಂದು ನಮ್ಮವರು ನನ್ನನ್ನು ಮೊಣಕೈಯಿಂದ ತಿವಿದರು.

“ನೀವು ಗೂಡಲೂರಾಗೆ ಮೇಲ್ ತೆರು ತಾನೇ?” ಎಂದಳು.

“ಆಮಾ” ಎಂದು ಸುಂದರ್ ಸಂತೋಷದಿಂದ ತಲೆಯಾಡಿಸಿದ.

“ಫೋಟೋದಾಗೆ ಕೂಲಿಂಗ್ ಗ್ಲಾಸ್ ಹಾಕಿದ್ರಿ.”

ಅಷ್ಟು ಹೇಳಿ ಒಳಗೆ ಹೋದಳು. ಬರುವಾಗ ಎರಡು ಗಿಳಿಗಳ ಒರಳನ್ನು ತಂದು ಅವನ ಮುಂದೆ ಬಜ್ಜಿ ತಟ್ಟೆಯ ಪಕ್ಕ ಇಟ್ಟಳು. ನಾನು ಕಾಫಿ ಲೋಟ ಕೆಳಗಿಟ್ಟೆ.

“ಅಪ್ಪಾ, ನಮ್ಮ ಒರಳ್ನ ಕೂಗಿಬುಟ್ಟು ಕಾಸು ಕೊಡ್ದೆ ಓಡೋದೋರು ಇವ್ರೇ. ಇನ್ನೂ ಎರಡು ಕಡೆ ಇಂಗೇ ಮಾಡವ್ರೆ.”

ಜನನಿಯ ಅಜ್ಜಿ ಪಳನಿಯಮ್ಮಾಳ್ ಕನ್ನಡಕ ಸರಿಮಾಡಿಕೊಂಡು, “ಇವ್ನಾ ಅವ್ನು? ನೋಡಕ್ಕೆ ಒಳ್ಳೇ ಮಗ ಅಂಗೆ ಅವ್ನೆ!” ಎಂದರು.

“ಸತ್ತಿಯಮಾ ನಾನ್ ಇಲ್ಲೆಂಗ!”, ಸತ್ಯವಾಗಿಯೂ ನಾನಲ್ಲ ಎಂದು ಸುಂದರ್ ಗಾಬರಿಯಲ್ಲಿ ಪೂರಾ ತಮಿಳಿಗೆ ಜಾರಿದ. ನಮ್ಮವರ ಮೀಸೆ ಎದ್ದು ನಿಂತಿತು. “ನಮ್ಮ ವಂಶದಾಗೆ ಕೊಟ್ಟ ಮಾತು ತಪ್ಪಿದೋರು ಯಾರೂ ಇಲ್ಲೆ! ಯಾವನೋ ಕಳ್ಳ ನನ್ನ ಮಗನ ಹೆಸರ್ನ ಕದ್ದವ್ನೆ!”

ಶಿವಬಾಲನ್ ತಲೆ ಆಡಿಸಿದರು. “ಕದ್ದಿರಬೌದು. ಆದ್ರೂ ಬಾಯಿಮಾತು ನಿಲ್ದಿರೋ ಕಡೆ ಹೆಣ್ಣು ಎಂಗೆ ಕೊಡಾದು, ನೀವೇ ಏಳಿ.”

ಕಳ್ಳನ ಕಥೆಯನ್ನು ಇನ್ನೊಂದು ಸ್ವಲ್ಪ ಎಳೆದಿದ್ದರೆ ನಿಲ್ಲುತ್ತಿತ್ತು. ನನಗೂ ಆ ಕಳ್ಳ ಬಹಳ ಇಷ್ಟವಾಗಿದ್ದ. ಆದರೆ ಅಜ್ಜಿ ಆ ಒರಳನ್ನು ಸೆರಗಿನಿಂದ ಇನ್ನೂ ಒರೆಸುತ್ತಲೇ ಇದ್ದರು. ನನ್ನ ಮಗ ಹುಡುಗಿಯ ಮುಖ ನೋಡುತ್ತಾ ಕೂತಿದ್ದ. ಎದ್ದು ನಿಂತೆ.

“ಅವ್ನಲ್ಲ. ಕೂಗಿದ್ದು ನಾನು” ಎಂದೆ. “ಫೋನು ಅವುಂದು, ಬೆರಳು ನಂದು. ಏಲಂ ಅಂದ್ರೆ ಕಾಸ್ನ ಮುಂದ್ಲ ವರ್ಷ ಕೊಡಾದು ಅಂದ್ಕೊಂಡಿದ್ದೆ. ನಮ್ಮನೇರು ನಿಂಬೆಹಣ್ಣಿಗೆ ಅಂಗೇ ಮಾಡ್ತಾರೆ.”

ಎಲ್ಲರೂ ನಮ್ಮ ಯಜಮಾನರ ಕಡೆ ತಿರುಗಿದರು. ಅವರು ಬಜ್ಜಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪಳನಿಯಮ್ಮಾಳ್ ನಗಲು ಶುರುಮಾಡಿದವರು ಕಿವಿಯಲ್ಲಿ ಜೋಲುವ ತಂಡಟ್ಟಿ ಓಲೆಗಳು ಭುಜಕ್ಕೆ ಬಡಿಯುವ ಹಾಗೆ ನಕ್ಕರು. “ಮುಂದ್ಲ ವರ್ಷನಾ! ನನ್ನ ಗಂಡನೂ ಇಂಗೇ ಒಂದು ತೆಂಗಿನಕಾಯಿ ಕೂಗಿ ಮೂರು ವರ್ಷ ಗುಡಿ ತೆರುವಿಗೇ ಹೋಗ್ಲಿಲ್ಲೆ!”

ಜನನಿ ಮಾತ್ರ ನಗಲಿಲ್ಲ. “ಅತ್ತೆ, ಕಾಸು ಕೊಟ್ಟು ಒರಳು ತಕ್ಕೊಳ್ಳಿ” ಎಂದಳು. ಹುಡುಗಿ ಒಪ್ಪಿದರೆ ಅವಳ ಕೈಗಿಡಲೆಂದು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿದ್ದ ಎರಡು ಸಾವಿರವನ್ನು ಬಿಚ್ಚಿ ಅವಳ ಕೈಗೇ ಇಟ್ಟೆ. ಅವಳು ನೂರೈವತ್ತು ಚಿಲ್ಲರೆ ಕೊಟ್ಟಳು! ಆಮೇಲೆ ಬೀಗದವರಿಗೂ ಕುರ್ಚಿಯವರಿಗೂ ಅಲ್ಲಿಂದಲೇ ಫೋನ್ ಮಾಡಿಸಿದಳು, ಸುಂದರ್ ಕೈಯಿಂದ ಹಣ ಹಾಕಿಸಿದಳು. ಹಣ ಬಂತೆಂದು ಮಾರಿದವರೇ ಬರೆದರೆ ಗುರುತು ಹೋಗುತ್ತದಂತೆ. ಅರ್ಧ ಗಂಟೆಯಲ್ಲಿ ನನ್ನ ಮಗ ನಿಷ್ಕಳಂಕನಾದ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಈ ಹುಡುಗಿ ನಮ್ಮ ಮನೆಗೆ ಬರಲೇಬೇಕು ಎಂದು ಆ ಕ್ಷಣವೇ ಅಮ್ಮನಿಗೆ ಹರಕೆ ಹೊತ್ತೆ.

“ಇನ್ಮೇಲೆ ನಿಮ್ಮ ಹೆಸರಾಗೇ ಕೂಗಿ ಅತ್ತೆ” ಎಂದಳು ಜನನಿ. ನನ್ನ ಫೋನ್ ತೆಗೆದುಕೊಂಡು ‘ತಂಗಮ್ಮಾಳ್, ಗೂಡಲೂರು’ ಎಂದು ಹೊಸ ಖಾತೆ ತೆರೆದೇಬಿಟ್ಟಳು. ನನ್ನದೇ ಹೆಸರು, ನನ್ನದೇ ಫೋಟೋ! ಮೊದಲ ಸಲ ಕೂಗುವವರಿಗೆ ಒಬ್ಬರು ಜಾಮೀನು ಬೇಕಂತೆ, ಪ್ರತಿ ಕೂಗಿಗೂ ಅವರು ಒಪ್ಪಿಗೆ ಒತ್ತಬೇಕಂತೆ. “ಯಾರ ನಂಬರ್ ಹಾಕಾದು?” ಎಂದು ಕೇಳಿದಳು. ಸಂತೋಷದ ಭರದಲ್ಲಿದ್ದೆ ನೋಡಿ, “ನಿಂದೇ ಹಾಕು ಕಣ್ಣು” ಎಂದು ಮುದ್ದಿನಿಂದ ಹೇಳಿದೆ. ನಮ್ಮವರೂ ಮಗನೂ ಮುಖ ಮುಖ ನೋಡಿಕೊಂಡದ್ದು ಆಗ ನನಗೆ ಅರ್ಥವಾಗಲಿಲ್ಲ.

ನಿಶ್ಚಿತಾರ್ಥ ಆಯಿತು. ಮದುವೆ ಸಂಕ್ರಾಂತಿಯ ತೈ ತಿಂಗಳಿಗೆ. ಕುರ್ಚಿ ಬಂದು ಜಗಲಿಯಲ್ಲಿ ಕೂತಿದೆ, ಯಜಮಾನರು ಅದರಲ್ಲಿ ನಿಧಾನಕ್ಕೆ ತಿರುಗುತ್ತಾ ಪೇಪರ್ ಓದುತ್ತಾರೆ. ನಿನ್ನೆ ಒಂದು ತಾಮ್ರದ ಹಂಡೆ ಕಂಡೆ, ಅಗಲ ಬಾಯಿ, ಕಂಠದಲ್ಲಿ ಬಳ್ಳಿ. ಸಾವಿರದ ಇನ್ನೂರು ಎಂದು ಒತ್ತಿದೆ. ‘ನಿಮ್ಮ ಕೂಗು ಒಪ್ಪಿಗೆಗೆ ಕಾಯುತ್ತಿದೆ’ ಎಂದು ಬಂತು. ಕಾದೆ. ‘ನಿರಾಕರಿಸಲಾಗಿದೆ’ ಎಂದು ಬಂತು. ಹಿಂದೆಯೇ ಫೋನ್ ಬಡಿಯಿತು.

“ಅತ್ತೆ, ನಿಮ್ಮ ಅಟ್ಟದಾಗೆ ಇಂಥ ಹಂಡೆ ಮೂರು ಐತಂತಲ್ಲ, ಮಾವ ಏಳಿದ್ರು. ನಾಲ್ಕನೇದು ಯಾಕೆ?”

ನಮ್ಮ ಅತ್ತೆ ಬದುಕಿರುವವರೆಗೂ ಉಪ್ಪಿನ ಜಾಡಿಯ ಮುಚ್ಚಳವನ್ನೂ ಅವರನ್ನು ಕೇಳಿಯೇ ತೆಗೆದವಳು ನಾನು. ಸೊಸೆ ಬಂದ ಮೇಲೆ ನನ್ನ ಕಾಲ ಬರುತ್ತದೆ ಎಂದು ಮೂವತ್ತು ವರ್ಷ ಕಾದಿದ್ದೆ. ಜಗಲಿಯಲ್ಲಿ ಕುರ್ಚಿ ತಿರುಗುವುದು ನಿಂತಿತ್ತು. ನಾನು ಏನು ಹೇಳುತ್ತೇನೆಂದು ಅಪ್ಪ, ಮಗ ಇಬ್ಬರೂ ಕಿವಿಗೊಟ್ಟು ಕಾಯುತ್ತಿದ್ದರು.

“ಸರಿ ಕಣ್ಣು, ನೀ ಏಳಿದಂಗೇ ಆಗ್ಲಿ” ಎಂದೆ.