ಯಜಮಾನರ ಏಕಾಗ್ರತೆಯೂ ಅಗರದ ಸೀರೆಯೂ

ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆ ಕೂತವನಿಗೆ ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಯಜಮಾನರು ಬಾಗಿಲು ದಾಟಿ ಒಳಗೆ ಬಂದರೆ ಸಾಕು.

ಹೋದ ವರ್ಷ ಅಗರದವರೊಬ್ಬರು ಮಗಳ ಧಾರೆಗೆ ರೇಷ್ಮೆ ಸೀರೆ ಹೇಳಿಹೋದರು. ಹನ್ನೆರಡು ದಿನ ಟೈಮು. ತಪ್ಪಿದರೆ ಅಂಗಡಿ ಸೀರೆ ತರುತ್ತೇವೆ ಅಂತ ಮುಖಕ್ಕೇ ಹೇಳಿದ್ದರು. ಮೂರು ತಲೆಮಾರಿನ ಗಿರಾಕಿ ಕೈಬಿಟ್ಟರೆ ಊರಲ್ಲಿ ತಲೆ ಎತ್ತೋದು ಹೇಗೆ ಅಂತ ಯಜಮಾನರಿಗೆ ನಡುಕ. ನೇಯುವವನು ನನ್ನ ಪಕ್ಕದ ಮಗ್ಗದ ದೊಡ್ಡಪ್ಪ, ಹನೂರು ಕಡೆಯವನು. ನಲವತ್ತು ವರ್ಷದ ಕೈ ಅದು.

ಅದೇ ಹೊತ್ತಿಗೆ ಯಜಮಾನರು ಯಳಂದೂರಿನಲ್ಲಿ ಏಕಾಗ್ರತೆಯ ಮೇಲೆ ಒಂದು ಭಾಷಣ ಕೇಳಿ ಬಂದರು. ನಡುವೆ ಮೂರು ಸಲ ಫೋನು ಬಂದು ಎದ್ದು ಹೊರಗೆ ಹೋಗಿದ್ದರಂತೆ. ಕೇಳಿದ ಅರ್ಧವನ್ನು ತಂದು ನಮ್ಮ ಮೇಲೆ ಸುರಿದರು.

ಬಿಸ್ಕತ್ ಡಬ್ಬ

ಮೊದಲ ದಿನ ಎಲ್ಲರ ಫೋನೂ ಬಿಸ್ಕತ್ ಡಬ್ಬಕ್ಕೆ ಹೋದವು, ಯಜಮಾನರದೂ ಸೇರಿ. ಹಾಕುವ ಮೊದಲು ನಾನು ಅರ್ಧ ಗಂಟೆಗೊಂದರಂತೆ ಅಲಾರಂ ಇಟ್ಟಿದ್ದೆ. ಅವರ ಹೆಂಡತಿ ಫೋನು ಮಾಡಿದಾಗ ಬರುವ ಹಾಡೇ ನನ್ನ ಅಲಾರಮ್ಮಿಗೂ. ಡಬ್ಬ ಹಾಡಿದಾಗಲೆಲ್ಲ ಅವರು ಎದ್ದು ಓಡಬೇಕು. ಏನಿದು ಅಂತ ಕೇಳಿದರು. ಮಾತ್ರೆ ಟೈಮು ಸಾ, ಅಂದೆ. ಇಷ್ಟೊಂದು ಮಾತ್ರೆ ಯಾತಕ್ಕೆ ಅಂದರು. ಏಕಾಗ್ರತೆಗೆ, ಅಂದೆ.

ಆರನೇ ಸಲ ಹಾಡಿದಾಗ, 'ಆ ಕಳ್ಳಂದು, ಬಡ್ಕೊಳ್ಳಲಿ ಬಿಡ್ರಿ' ಅಂತ ಕೂತೇ ಇದ್ದರು. ಆ ಸಲ ನಿಜವಾಗಿ ಅಮ್ಮಾವರೇ. ನಾಲ್ಕು ಸಲ ಫೋನು ಮಾಡಿ, ಕೊನೆಗೆ ತಾವೇ ಬಂದರು. ಅವರು ಬಾಗಿಲಲ್ಲಿ ನಿಂತು ಮಾತಾಡಿದ ಅಷ್ಟು ಹೊತ್ತೂ ಯಜಮಾನರು ರೆಪ್ಪೆ ಬಡಿಯದೆ ಕೇಳಿದರು. ಅಂಥ ಏಕಾಗ್ರತೆ ನಾನು ಯಾವ ಸನ್ಯಾಸಿಯಲ್ಲೂ ಕಂಡಿಲ್ಲ.

ಮೌನ

ಫೋನು ವಾಪಸ್ ಬಂತು, ಮಾತು ಬಂದ್ ಆಯಿತು. ಇಪ್ಪತ್ತು ವರ್ಷದಿಂದ ನಾನು ಸುಳ್ಳು ಹೇಳುತ್ತಾ, ದೊಡ್ಡಪ್ಪ 'ಹ್ಞೂಂ' ಅನ್ನುತ್ತಾ ನೇಯ್ದವರು ನಾವು. ಬಾಯಿ ಮುಚ್ಚಿದ್ದೇ ಕಿವಿ ತೆರೆದುಕೊಂಡಿತು. ಗೋಡೆಯಾಚೆ ಅತ್ತೆ ಸೊಸೆ ದಿನಾ ಹತ್ತು ಗಂಟೆಗೆ ಸರಿಯಾಗಿ ಜಗಳ ಶುರು ಮಾಡೋದು ನಮಗೆ ಆಗಲೇ ಗೊತ್ತಾಗಿದ್ದು.

ನಾಲ್ಕನೇ ದಿನ ಹತ್ತೂವರೆಯಾದರೂ ಸದ್ದಿಲ್ಲ. ದೊಡ್ಡಪ್ಪ ಲಾಳಿ ನಿಲ್ಲಿಸಿ, 'ಏನ್ಲಾ ಇವತ್ತು, ಸೊಸೆ ತವರಿಗೆ ಓದ್ಲಾ?' ಅಂದ.

'ಇಲ್ಲ ಕಣಯ್ಯ, ಅತ್ತೆಗೆ ಜ್ವರ' ಅಂತ ಹಿಂದಿನ ಕುರ್ಚಿಯಿಂದ ಉತ್ತರ ಬಂತು. ಯಜಮಾನರದು.

ಎಷ್ಟಾಯ್ತು?

ಉಳಿದದ್ದು ಐದು ದಿನ. ಯಜಮಾನರು ಕುರ್ಚಿ ಎಳೆದುಕೊಂಡು ದೊಡ್ಡಪ್ಪನ ಬೆನ್ನಿಗೇ ಕೂತರು, ಅವನ ಗಮನ ಕಾಯಲು.

ಆ ಸೀರೆಗೆ ನೂರಿಪ್ಪತ್ತು ಎಳೆಗೊಂದು ಸಾಲು ಜರಿ ಬುಟ್ಟಾ. ಎಳೆಯ ಲೆಕ್ಕ ದೊಡ್ಡಪ್ಪನ ತಲೆಯಲ್ಲೇ ಓಡುತ್ತದೆ. ನನ್ನ ಸುಳ್ಳಿಗೆ ಅದು ಕದಲುತ್ತಿರಲಿಲ್ಲ, 'ಹ್ಞೂಂ' ಅಂದರೆ ಮುಗಿಯಿತಲ್ಲ. ಯಜಮಾನರು ಕೇಳುವುದು ಪ್ರಶ್ನೆ. ತೊಂಬತ್ತನೇ ಎಳೆಯಲ್ಲಿದ್ದಾಗ, ಎಷ್ಟು ಮೊಳ ಆಯ್ತು ಅಂತ ಕೇಳುವರು. ದೊಡ್ಡಪ್ಪ 'ಏಳು ಸಾ' ಅನ್ನುವನು, ಅಲ್ಲಿಂದ ಮುಂದೆ ಎಂಟು, ಒಂಬತ್ತು ಅಂತ ಎಣಿಸುವನು. ಇಪ್ಪತ್ತರಲ್ಲಿದ್ದಾಗ, ಮಗಳ ಊರಿಗೆ ಬಸ್ ಚಾರ್ಜು ಎಷ್ಟು ಅಂತ ಕೇಳಿದರು. 'ನೂರ ಹತ್ತು' ಅಂದ, ಇನ್ನು ಹತ್ತೆಳೆ ಹಾಕಿ ಬುಟ್ಟಾ ಕೂರಿಸಿದ. ನಾನು ನೋಡುತ್ತಲೇ ಇದ್ದೆ. ಮಾತಾಡಬಾರದು ಅಂತ ಅಪ್ಪಣೆ ಆಗಿತ್ತಲ್ಲ, ಮೀರೋದು ಹೇಗೆ?

ಹೇಳಿದ ದಿನಕ್ಕೆ ಅಗರದವರು ಬಂದು ಸೀರೆ ಬಿಡಿಸಿದರು. ಒಂದು ಕಡೆ ಬುಟ್ಟಾ ಸಾಲುಗಳು ಸಂತೆಯಂತೆ ನೂಕಾಡುತ್ತಿವೆ, ಇನ್ನೊಂದು ಕಡೆ ಗೇಣುದ್ದ ಬಯಲು. ಯಜಮಾನರ ಮುಖ ಬಿಳಿಚಿತು.

'ಹೊಸ ಡಿಸೈನಮ್ಮ, ನಿಮಗೆ ಅಂತಲೇ' ಅಂದರು.

ಮದುವೆ ಹೆಣ್ಣು ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿತು. ಇಂಥದ್ದು ಯಾರ ಹತ್ತಿರವೂ ಇಲ್ಲ ಅಂತ ಕುಣಿಯಿತು. ಜೊತೆಗೆ ಬಂದಿದ್ದ ಅದರ ಅಕ್ಕ ತನಗೂ ಒಂದು ಬೇಕು, ಇದರಂತೆಯೇ ಬೇಕು, ಒಂದೆಳೆ ಆಚೀಚೆ ಆಗಬಾರದು ಅಂತ ಅಲ್ಲೇ ಮುಂಗಡ ಕೊಟ್ಟುಬಿಟ್ಟಳು.

ಅವರು ಹೋದ ಮೇಲೆ ಯಜಮಾನರು ಮೀಸೆ ತಿರುವಿ, 'ನೋಡ್ದಾ, ನಾನು ಬೆನ್ನಿಗೆ ಕೂತಿದ್ದಕ್ಕೆ ಆಯ್ತು' ಅಂದರು.

'ಹೌದು ಸಾ' ಅಂದ ದೊಡ್ಡಪ್ಪ, ಲಾಳಿ ಕೈಗೆತ್ತಿಕೊಳ್ಳುತ್ತಾ. 'ಈಗ ನೀವು ಆ ಐದು ದಿನ ಯಾವ್ಯಾವ ಎಳೇಲಿ ಏನೇನ್ ಕೇಳಿದ್ರಿ, ಎಲ್ಲ ನೆಪ್ಪು ಮಾಡ್ಕಂಡು ಬರ್ಕಳಿ. ಅದ್ರಂಗೇ ಕೇಳ್ಬೇಕು. ಗಮನ ಇಟ್ಟು.'