ನಡುನೀರಿನಲ್ಲಿ ನಿಲ್ಲುವ ಎಂಜಿನ್

ದಡದಲ್ಲಿ ಸೊಗಸಾಗಿ ಓಡುವ ದೋಣಿ ಎಂಜಿನ್ ನಡುನೀರಿಗೆ ಹೋದ ಕೂಡಲೇ ಕೆಮ್ಮಿ, ಬಿಕ್ಕಿ, ಸುಮ್ಮನಾಗುವುದು ಈ ವಾರ ಶುರುವಾದ ರೋಗ. ಇವತ್ತು ಬೆಳಗ್ಗೆಯೂ ಹಾಗೇ ಆಯಿತು. ನಡುಗಡ್ಡೆಯ ಆಸ್ಪತ್ರೆಯ ನರ್ಸುಗಳು ತಾವೇ ಹುಟ್ಟು ಹಾಕಿಕೊಂಡು ಡ್ಯೂಟಿಗೆ ಹೋದರು. ಸಂಜೆಯೂ ನಿಂತರೆ ನಾಳೆಯಿಂದ ನಿಮ್ಮ ಷಡ್ಡಕನ ದೋಣಿ ಎಂದು ಹೆಡ್ ನರ್ಸ್ ಇಳಿಯುವಾಗ ದೋಣಿಯವನಿಗೆ ಹೇಳಿದರು.

ದೋಣಿಯವನಿಗೆ ಇದ್ದ ಒಂದೇ ಕೆಲಸ ಹೋಗುವುದು ಒಂದು ದುಃಖ. ಅದು ಹೆಂಡತಿಯ ತಂಗಿಯ ಗಂಡನ ಪಾಲಾಗುವುದು, ಆಮೇಲೆ ಜೀವಮಾನವಿಡೀ ಅವನ ಅನುಕಂಪ ಸಹಿಸುವುದು, ನರಕ.

ದೋಣಿ ದಡ ಸೇರಿದ್ದೇ ತಡ, ಪುಕ್ಕಟೆ ಸಲಹೆಯವರು ನೆರೆದರು. ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಫಿಲ್ಟರಿನಲ್ಲಿ ಕಸ ಕೂತಿದೆಯೆಂದ. ಫಿಲ್ಟರ್ ಬದಲಾಯಿತು. ಕಟ್ಟಿದಲ್ಲೇ ಓಡಿಸಿದರೆ ಎಂಜಿನ್ ಗುಡುಗಿತು, ನೀರಿನ ನಡುವೆ ಸತ್ತಿತು. ಹೊಲಿಗೆ ಯಂತ್ರ ರಿಪೇರಿಯವನು ಕಾರ್ಬುರೇಟರ್ ಬಿಚ್ಚಿ, ಊದಿ, ಒರೆಸಿ, ಮತ್ತೆ ಜೋಡಿಸಿದ. ಒಂದು ಸ್ಪ್ರಿಂಗ್ ಉಳಿಯಿತು. ಕಂಪನಿಯವರು ಯಾವಾಗಲೂ ಒಂದು ಹೆಚ್ಚಿಗೆ ಹಾಕಿರುತ್ತಾರೆ ಎಂದು ಸಮಾಧಾನ ಹೇಳಿದ. ಅದಾದ ಮೇಲೂ ಅದೇ ಕತೆ. ಪೆಟ್ರೋಲಿಗೆ ನೀರು ಸೇರಿದೆ ಎಂದು ಹಳೆಯದನ್ನು ತೆಗೆದು ಹೊಸದನ್ನು ತುಂಬಿಸಿದರು. ಪೈಪನ್ನೂ ಬದಲಾಯಿಸಿದರು. ಆದರೂ ಎಂಜಿನ್ ನಿಂತಾಗಲೆಲ್ಲ ಪೈಪಿನ ನಡುವಿನ, ಪೆಟ್ರೋಲು ಒತ್ತುವ ರಬ್ಬರ್ ಉಂಡೆ ಹಲ್ಲಿಲ್ಲದ ಮುದುಕನ ಕೆನ್ನೆಯಂತೆ ಒಳಗೆ ಸೇದಿಕೊಂಡಿರುತ್ತಿತ್ತು.

ಪ್ರತಿ ಪರೀಕ್ಷೆಗೂ ಅತ್ತೆ ಜೊತೆಗಿದ್ದರು. ಈ ವಾರವಷ್ಟೇ ಮಗಳ ಮನೆಗೆ ಬಂದಿದ್ದ ಅವರಿಗೆ ಅಳಿಯ ಒಬ್ಬನೇ ನೀರಿಗೆ ಹೋಗುವುದು ಸರಿಕಾಣುತ್ತಿರಲಿಲ್ಲ. ಟ್ಯಾಂಕಿನ ಪಕ್ಕದ ಹಲಗೆಯ ಮೇಲೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತು, ಎಂಜಿನ್ ನಿಂತಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ದೋಣಿಯವನು ಕೈಚೆಲ್ಲಿ ಕೂತ. ಆಗ ಬಂದ ಷಡ್ಡಕ ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿದ.

"ಭಾವ, ನನ್ನ ಹಳೇದನ್ನ ನೀವು ತಗೊಳ್ಳಿ, ಇದನ್ನ ನನಗೆ ಕೊಡಿ. ಆದ್ರೆ ಆಮೇಲೆ ಮಾತು ತಿರುಗಿಸೋ ಹಾಗಿಲ್ಲ."

ಅತ್ತೆಯ ಸಾಕ್ಷಿಯಲ್ಲಿ ಮಾತಾಯಿತು. ದೋಣಿಯವನು ಟ್ಯಾಂಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಈಗಷ್ಟೇ ತುಂಬಿಸಿದ ಪೆಟ್ರೋಲು. ಅಷ್ಟು ದಡ್ಡನಲ್ಲ ಅವನು. ಇಡೀ ದಿನದಲ್ಲಿ ಅವನ ಮುಖ ಅರಳಿದ್ದು ಆಗೊಮ್ಮೆಯೇ.

ಸಂಜೆ ನಡುಗಡ್ಡೆಯಿಂದ ನರ್ಸುಗಳು ಹತ್ತಿದರು. ಅತ್ತೆ ತಮ್ಮ ಜಾಗ ಹಿಡಿದರು. ಷಡ್ಡಕನ ಹಳೆಯ ಎಂಜಿನ್ ಒಂದೇ ಎಳೆತಕ್ಕೆ ಶುರುವಾಯಿತು. ನಡುನೀರಿನಲ್ಲಿ ಅದು ಕೆಮ್ಮಿತು, ಬಿಕ್ಕಿತು, ಸುಮ್ಮನಾಯಿತು.

ದೋಣಿಯವನಿಗೆ ಅಳು ಬಂತು. ಅಷ್ಟರಲ್ಲಿ ಪರಿಚಿತ ಸದ್ದು ಕೇಳಿಸಿತು. ಮಧ್ಯಾಹ್ನದವರೆಗೆ ದೋಣಿಯವನದಾಗಿದ್ದ ಎಂಜಿನ್ನನ್ನು ತನ್ನ ದೋಣಿಗೆ ಸಿಕ್ಕಿಸಿಕೊಂಡು ಷಡ್ಡಕ ನೀರು ಸೀಳುತ್ತ ಬಂದ. ನರ್ಸುಗಳು ಒಬ್ಬೊಬ್ಬರಾಗಿ ಅವನ ದೋಣಿಗೆ ದಾಟಿಕೊಂಡರು. ಹೆಡ್ ನರ್ಸ್ ತಿರುಗಿಯೂ ನೋಡಲಿಲ್ಲ.

ಅತ್ತೆ ಮಾತ್ರ ಕದಲಲಿಲ್ಲ.

"ಅಳಿಯಂದಿರನ್ನ ನಡುನೀರಲ್ಲಿ ಬಿಟ್ಟು ಹೋಗೋಳಲ್ಲ ನಾನು. ಆದ್ರೂ ಎಂಜಿನ್ ಬದಲಾಯಿಸಿ ಏನು ಬಂತು ಹೇಳಿ. ಪೆಟ್ರೋಲ್ ವಾಸನೆ ಹಾಗೇ ಇದೆ. ಟ್ಯಾಂಕಿನ ಮುಚ್ಚಳದ ಮೇಲಿನ ಈ ಪುಟ್ಟ ತಿರುಪನ್ನ ನಾನು ಹತ್ತಿದ ಕೂಡಲೇ ಬಿಗಿ ಮಾಡ್ತೀನಿ, ನೀವು ದಡಕ್ಕೆ ಹೋಗಿ ಅಭ್ಯಾಸಬಲದಿಂದ ಮತ್ತೆ ಸಡಿಲ ಬಿಡ್ತೀರಿ. ವಾರದಿಂದ ಇದೇ ಆಯ್ತು."

ದೋಣಿಯವನು ತಿರುಪನ್ನು ಸಡಿಲಿಸಿದ. ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಬಾರದು. ಗಾಳಿಗಿದ್ದ ದಾರಿ ಅದೊಂದೇ. ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ರಬ್ಬರ್ ಉಂಡೆಯ ಕೆನ್ನೆ ತುಂಬಿಕೊಂಡಿತು. ದೂರದಲ್ಲಿ ಅವನ ಎಂಜಿನ್ ಅವನ ನರ್ಸುಗಳನ್ನು ದಡ ಮುಟ್ಟಿಸುತ್ತಿತ್ತು.

"ನಾಳೆ ಚಿಕ್ಕ ಮಗಳ ಮನೆಗೆ ಹೋಗೋಣ ಅಂತಿದ್ದೆ," ಎಂದರು ಅತ್ತೆ, ಅವನ ಮುಖ ನೋಡಿ ಮರುಗುತ್ತ. "ನಿಮ್ಮನ್ನ ಈ ಸ್ಥಿತೀಲಿ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಮಳೆಗಾಲ ಮುಗಿಯೋವರೆಗೂ ಇಲ್ಲೇ ಇರ್ತೀನಿ."

ಹಾಗೆ ಹೇಳುತ್ತಲೇ ಕೈ ಚಾಚಿ ತಿರುಪನ್ನು ಬಿಗಿ ಮಾಡಿದರು.